ಹದಿನಾಲ್ಕರಲ್ಲಿ ಹನ್ನೆರಡು

ಮಾನಿಟರು ಇಪ್ಪತ್ತೆರಡು ಕಿಲೋ ತೂಗುತ್ತಿತ್ತು. ಲಿಫ್ಟು ಕೆಟ್ಟಿತ್ತು. ಹುಚ್ಚಮ್ಮ ಅದನ್ನು ಎದೆಗೆ ಅವಚಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಅದರ ಅಂಚು ಗದ್ದಕ್ಕೆ ಒತ್ತುತ್ತಿತ್ತು. ಹಿಂದೆ ರಘೋತ್ತಮ ಕಾಫಿ ಕಪ್ಪು ಹಿಡಿದುಕೊಂಡು ಬರುತ್ತಿದ್ದ. ಬೀಳಿಸಿಬಿಟ್ಟೀಯ, ಹುಷಾರು ಅಂದ. ಅವನ ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿತ್ತು.

ಅವಳು ಸಾಮಾನು ಹೊರಲು ಬಂದವಳಲ್ಲ. ಎಂ.ಸಿ.ಎ. ಓದಿದವಳು. ಅಮೆರಿಕದ ರೆಡ್‌ವುಡ್ ಸಿಟಿಯ ಆ ಸಣ್ಣ ಕಂಪನಿಯಲ್ಲಿ ಅವಳಿಗೂ ಒಂದು ಮೇಜು, ಒಂದು ಹುದ್ದೆ ಇತ್ತು. ತಂಡದಲ್ಲಿ ಗಟ್ಟಿಮುಟ್ಟಾದ ನಾಲ್ಕು ಜನ ಗಂಡಸರಿದ್ದರು. ಆದರೂ ಪರೀಕ್ಷಾ ಕೋಣೆಗೆ ಸಾಮಾನು ಸಾಗಿಸುವ ದಿನ ತಂಡದ ಮುಖ್ಯಸ್ಥ ರಘೋತ್ತಮ ಕರೆಯುತ್ತಿದ್ದುದು ಅವಳನ್ನೇ.

ಮೊದಲು ಹೀಗಿರಲಿಲ್ಲ. ಸೇರಿದ ಹೊಸದರಲ್ಲಿ, ಕನ್ನಡದವರು ಸಿಕ್ಕಿದ್ದು ಖುಷಿಯಾಯಿತು ಅಂತ ಅವನೇ ಬಂದು ಕೈಕುಲುಕಿದ್ದ. ನೀವು, ತಾವು ಅಂತಲೇ ಮಾತಾಡಿಸುತ್ತಿದ್ದ. ಒಂದು ದಿನ ಊಟದ ಹೊತ್ತಿನಲ್ಲಿ ಯಾವ ಊರು ಅಂತ ಕೇಳಿದ. ಅರಕಲಗೂಡಿನ ಹತ್ತಿರ ಅಂದಳು. ಊರಿನ ಯಾವ ಕಡೆ ಅಂದ. ತಂದೆಯ ಹೆಸರು ಕೇಳಿದ. ಜಮೀನು ಇದೆಯಾ ಅಂದ. ಮನೆದೇವರು ಯಾವುದು ಅಂದ. ಅವಳಿಗೆ ಅವನು ಎಲ್ಲಿಗೆ ಹೊರಟಿದ್ದಾನೆ ಅಂತ ಗೊತ್ತಿತ್ತು. ಸುತ್ತಿಸುವುದೇಕೆ ಅಂತ ತಾನೇ ಜಾತಿ ಹೇಳಿದಳು. ಅವನು ನಕ್ಕು, ಅಯ್ಯೋ ನಾನು ಅದಕ್ಕಲ್ಲ ಕೇಳಿದ್ದು ಅಂದ. ಮಾರನೇ ದಿನದಿಂದ ನೀವು ಹೋಯಿತು, ನೀನು ಬಂತು. ಆಮೇಲೆ ಹೆಸರೂ ಹೋಯಿತು. ಹುಚ್ಚಮ್ಮ ಅಂದರೆ ಕನ್ನಡದವರು ನಗುತ್ತಾರೆ, ಅಮೆರಿಕನ್ನರಿಗೆ ನಾಲಗೆ ತಿರುಗುವುದಿಲ್ಲ ಅಂತ ಹೇಳಿ ಅವನೇ ಅವಳನ್ನು ಹೇಮಾ ಮಾಡಿದ. ಮೇಜಿನ ಮೇಲಿನ ಹೆಸರಿನ ಪಟ್ಟಿಯನ್ನೂ ಅವನೇ ಮಾಡಿಸಿ ತಂದ.

ಇಷ್ಟೆಲ್ಲ ನುಂಗಿಕೊಂಡು ಅವಳು ಅಲ್ಲಿದ್ದುದು ವೀಸಾಕ್ಕಾಗಿ ಮಾತ್ರ ಅಲ್ಲ. ಆ ಕೆಲಸದ ಮೇಲೆ ಅವಳಿಗೆ ನಂಬಿಕೆ ಇತ್ತು.

ಕೆಲಸ ಇಷ್ಟೇ. ಸರ್ಕಾರಿ ಕಚೇರಿಗಳು ಆಗ ಒಂದರ ಹಿಂದೊಂದು ವೆಬ್‌ಸೈಟು ಕಟ್ಟಿಸುತ್ತಿದ್ದವು. ಕಟ್ಟಿದ್ದು ಜನಕ್ಕೆ ಬಳಸಲು ಬರುತ್ತದೆಯೋ ಇಲ್ಲವೋ ಅಂತ ಈ ಕಂಪನಿ ನೋಡಿ ಹೇಳಬೇಕು. ಅದಕ್ಕೆ ಜನರನ್ನೇ ಕರೆಸಬೇಕು. ಕಂಪ್ಯೂಟರಿನ ಮುಂದೆ ಕೂರಿಸಬೇಕು. ಇಂಥ ಅರ್ಜಿ ತುಂಬಿ ಅನ್ನಬೇಕು. ಎಲ್ಲಿ ನಿಂತರು, ಎಲ್ಲಿ ದಾರಿ ತಪ್ಪಿದರು, ಯಾವ ಪದ ಅರ್ಥವಾಗಲಿಲ್ಲ ಅಂತ ಬರೆದುಕೊಳ್ಳಬೇಕು. ತಪ್ಪು ಕೂತವರದಲ್ಲ, ಸೈಟಿನದು. ಇದು ಆ ವಿದ್ಯೆಯ ಮೊದಲ ಪಾಠ. ಹುಚ್ಚಮ್ಮ ಅದನ್ನು ಮೊದಲ ಸಲ ಓದಿದಾಗ ಆ ಸಾಲಿನ ಕೆಳಗೆ ಗೆರೆ ಎಳೆದಿದ್ದಳು.

ಅವಳ ಅವ್ವ ಕೆಂಪಮ್ಮ ತಾಲೂಕು ಕಚೇರಿಗೆ ಏಳು ಸಲ ಅಲೆದಿದ್ದಳು. ಮಗಳ ಕಾಲೇಜು ಸೀಟಿಗೆ ಜಾತಿ ಸರ್ಟಿಫಿಕೇಟು ಬೇಕಿತ್ತು. ಗುಮಾಸ್ತ ಕೈಯಿಂದ ಕಾಗದ ತೆಗೆದುಕೊಳ್ಳುತ್ತಿರಲಿಲ್ಲ. ಹೊಸ್ತಿಲ ಮೇಲಿಡು ಅನ್ನುತ್ತಿದ್ದ. ಒಂದು ಸಲ ರೇಷನ್ ಕಾರ್ಡು ಇಲ್ಲ ಅಂದ. ತಂದರೆ ಶಾಲೆಯ ದಾಖಲೆ ಇಲ್ಲ ಅಂದ. ಅದನ್ನು ತಂದರೆ ಸಹಿ ತಪ್ಪು ಅಂದ. ಬೇಕಾದ್ದೆಲ್ಲ ಒಂದೇ ಸಲ ಹೇಳಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಕೆಂಪಮ್ಮ ತನಗೆ ಬುದ್ಧಿ ಸಾಲದು ಅಂದುಕೊಂಡೇ ಪ್ರತಿಸಲ ಮನೆಗೆ ಬಂದಳು. ತಪ್ಪು ಅವ್ವನದಲ್ಲ ಅಂತ ಪುಸ್ತಕದಲ್ಲಿ ಯಾರೋ ಬರೆದಿದ್ದಾರೆ. ಆ ಮಾತಿಗಾಗಿ ಹುಚ್ಚಮ್ಮ ಮಾನಿಟರು ಹೊತ್ತಳು.

ಎರಡು ಸಾವಿರನೇ ಇಸವಿಯ ಸೆಪ್ಟೆಂಬರಿನಲ್ಲಿ ಬಂದ ಕೆಲಸ ದೊಡ್ಡದು. ಸರ್ಕಾರದ ಆರೋಗ್ಯ ನೆರವಿನ ಕಚೇರಿಯೊಂದು ತನ್ನ ಅರ್ಜಿಯನ್ನು ಸೈಟಿಗೆ ಹಾಕಿತ್ತು. ವಿಮೆ ಇಲ್ಲದವರು, ಆಸ್ಪತ್ರೆಯ ಖರ್ಚು ಹೊರಲಾರದವರು ಹಾಕುವ ಅರ್ಜಿ. ಕಚೇರಿಯಲ್ಲಿ ಮೂರು ಕಿಟಕಿಗಳಿದ್ದವು. ಬೆಳಗಿನ ಆರಕ್ಕೇ ಅಲ್ಲಿ ಸಾಲು ನಿಲ್ಲುತ್ತಿತ್ತು. ಪರೀಕ್ಷೆಗೆ ಬಂದವರಲ್ಲಿ ನೂರಕ್ಕೆ ಎಂಬತ್ತು ಮಂದಿ ಅರ್ಜಿ ಪೂರ್ತಿ ಮಾಡಿದರೆ ಆ ಕಿಟಕಿಗಳನ್ನು ಮುಚ್ಚುವುದು ಅಂತ ಆಡಳಿತ ಮಂಡಳಿ ಗೊತ್ತುಮಾಡಿತ್ತು. ಎಂಬತ್ತು ದಾಟಿದರೆ ಮುಂದಿನ ಮೂರು ಸೈಟುಗಳ ಕೆಲಸವೂ ಈ ಕಂಪನಿಗೇ. ರಘೋತ್ತಮನಿಗೆ ಬಡ್ತಿ.

ಹುಚ್ಚಮ್ಮ ನಾಲ್ಕು ದಿನ ಆ ಸಾಲಿನಲ್ಲಿ ನಿಂತು ಜನರನ್ನು ಗೊತ್ತುಮಾಡಿದಳು. ಗಾಲಿಕುರ್ಚಿಯ ಮುದುಕರು. ಕಸುಬಿನ ಕರೆ ಉಗುರಿನಿಂದ ಹೋಗದವರು. ಕಂಕುಳಲ್ಲಿ ಕೂಸು, ಕೈಯಲ್ಲಿ ನಂಬರಿನ ಚೀಟಿ ಹಿಡಿದವರು. ಹದಿಮೂರು ಜನ ಒಪ್ಪಿದರು. ಹದಿನಾಲ್ಕನೆಯವಳನ್ನು ರಘೋತ್ತಮನೇ ಹುಡುಕಿದ. ಇಂಗ್ಲಿಷು ಬರದವರೊಬ್ಬರು ಇರಲೇಬೇಕು ಅಂತ ಕಚೇರಿ ಕೇಳಿತ್ತು. ನಮ್ಮ ಕನ್ನಡ ಕೂಟದ ಊಟಕ್ಕೆ ರೊಟ್ಟಿ ಬಡಿಯಲು ಬರುತ್ತಾಳಲ್ಲ, ಆ ಮುದುಕಿ ಇದಾಳೆ, ಕಚೇರಿಗೆ ಅವಳೂ ಅಲೀತಿದಾಳಂತೆ, ನೀನು ಟ್ರಾನ್ಸ್‌ಲೇಟ್ ಮಾಡು, ಹೊರಗಿನವರನ್ನು ಕರೆಸೋ ಖರ್ಚು ಉಳಿಯುತ್ತೆ ಅಂದ.

ಆ ಮುದುಕಿಯ ಹೆಸರು ಶರಣವ್ವ. ವಯಸ್ಸು ಐವತ್ತಾರು. ಮುದುಕಿಯಲ್ಲ, ಸವೆದವಳು. ಬಾಗಲಕೋಟೆ ಕಡೆಯವಳು. ಗಂಡ ಇಲ್ಲಿಯ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿ ಗ್ರೀನ್ ಕಾರ್ಡು ಪಡೆದು, ಹೆಂಡತಿಯನ್ನು ಕರೆಸಿಕೊಂಡು, ಎರಡು ವರ್ಷಕ್ಕೆ ಸತ್ತಿದ್ದ. ಅವಳು ಕೊಲ್ಲಿಯಾಚೆಯ ನೆವಾರ್ಕಿನ ಮೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತಿದ್ದಳು. ದಿನಕ್ಕೆ ನಲವತ್ತು ಹಾಸಿಗೆಯ ಚಾದರ. ಒದ್ದೆ ಚಾದರ ಮೆಷಿನ್ನಿನಿಂದ ಎಳೆಯಬೇಕು, ಒಣಗಿಸುವ ಮೆಷಿನ್ನಿಗೆ ತುರುಕಬೇಕು, ಬಿಸಿಯಿದ್ದಾಗಲೇ ಮಡಿಚಬೇಕು. ಎಳೆದೆಳೆದು ಬಲಗೈಯ ಮಣಿಕಟ್ಟು ಊದಿತ್ತು. ಬೆರಳುಗಳು ಮರಗಟ್ಟಿದ್ದವು. ನರ ಒತ್ತಿಕೊಂಡಿದೆ, ಆಪರೇಷನ್ ಆಗಬೇಕು, ತಡವಾದರೆ ಬೆರಳು ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಆಸ್ಪತ್ರೆ ತಾರೀಖನ್ನೂ ಕೊಟ್ಟಿತ್ತು. ನವೆಂಬರ್ ಹದಿನೈದರ ಒಳಗೆ ನೆರವಿನ ಅರ್ಜಿ ಕೊಟ್ಟಿದ್ದರೆ ಮಾತ್ರ ಆ ತಾರೀಖು ಉಳಿಯುತ್ತದೆ.

ಅಕ್ಟೋಬರಿನ ಕೊನೆಯ ವಾರ ಅವಳು ರಜೆ ಹಾಕಿ, ಎರಡು ಬಸ್ಸು ಬದಲಿಸಿ ರೆಡ್‌ವುಡ್ ಸಿಟಿಗೆ ಬಂದಳು. ಕೈಚೀಲದಲ್ಲಿ ಕಾಗದದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಕಂಪ್ಯೂಟರಿನ್ಯಾಗ ಹಾಕಿಸ್ತಾರಂತ ರಘೋತ್ತಮಪ್ಪಾರು ಹೇಳ್ಯಾರ ಅಂದಳು.

ಅದು ಪರೀಕ್ಷೆಯ ಸೈಟು. ಅದರಲ್ಲಿ ತುಂಬಿದ್ದು ಎಲ್ಲಿಗೂ ಹೋಗುವುದಿಲ್ಲ, ಸಂಜೆಗೆ ಅಳಿಸಿಹೋಗುತ್ತದೆ. ಹುಚ್ಚಮ್ಮ ಗಾಜಿನ ಹಿಂದಿನ ಕೋಣೆಗೆ ಹೋಗಿ ರಘೋತ್ತಮನಿಗೆ ಹೇಳಿದಳು. ಅದು ಪರೀಕ್ಷೆಗೆ ಕೂತವರಿಗೆ ಕನ್ನಡಿ, ಹಿಂದಿನಿಂದ ನೋಡುವವರಿಗೆ ಕಿಟಕಿಯಾಗುವ ಗಾಜು. ಅವನು ಕಿವಿಗೆ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದ.

"ನಿಜವಾದ ಅರ್ಜಿ ಅಂದ್ಕೊಂಡ್ರೆ ಇನ್ನೂ ಒಳ್ಳೇದು. ಸೀರಿಯಸ್ಸಾಗಿ ಮಾಡ್ತಾಳೆ. ನೀನೇನೂ ಹೇಳೋಕೆ ಹೋಗ್ಬೇಡ, ಡೇಟಾ ಹಾಳಾಗುತ್ತೆ."

ಒಪ್ಪಿಗೆ ಪತ್ರ ಎರಡು ಪುಟದ ಇಂಗ್ಲಿಷು. ಇದು ಪರೀಕ್ಷೆ ಅಂತ ಅದರ ಎರಡನೇ ಪುಟದ ನಡುವೆ ಸಣ್ಣಕ್ಷರದಲ್ಲಿತ್ತು. ಹುಚ್ಚಮ್ಮ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ವಿಡಿಯೋ ತೆಗೀತಾರೆ ಅಮ್ಮ, ಒಪ್ಪಿಗೆ ಅಂತ ಇಲ್ಲಿ ಸಹಿ. ಶರಣವ್ವ ಎಡಗೈಯಿಂದ ಕನ್ನಡದಲ್ಲಿ ಹೆಸರು ಬರೆದಳು. ನಾಲ್ಕು ಅಕ್ಷರ ಬರೆಯಲು ಒಂದು ನಿಮಿಷ ಹಿಡಿಯಿತು.

ಆಮೇಲೆ ಐವತ್ತು ನಿಮಿಷ.

ನಿಯಮದ ಪ್ರಕಾರ ಹುಚ್ಚಮ್ಮ ಪರದೆಯ ಮೇಲಿದ್ದುದನ್ನು ಕನ್ನಡದಲ್ಲಿ ಓದಬಹುದು, ಏನು ಮಾಡಬೇಕು ಅಂತ ಹೇಳುವಂತಿಲ್ಲ. ಶರಣವ್ವನ ಬಲಗೈಗೆ ಮೌಸು ಹಿಡಿಯಲು ಬರಲಿಲ್ಲ. ಬೆರಳು ಮಡಿಚುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆ ಎತ್ತುವಂತೆ ಎರಡೂ ಕೈಯಿಂದ ಅದನ್ನು ಎತ್ತಿ ಮೇಜಿನ ಮೇಲೆ ಒತ್ತಿದಳು. ಬಾಣದ ಗುರುತು ಪರದೆಯ ಮೂಲೆಗೆ ಓಡಿಹೋಯಿತು. ಎಡಗೈಯಿಂದ ಹಿಡಿದಳು. ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತಿದಳು. ಮೊದಲ ಪುಟದಲ್ಲಿ ಲಾಸ್ಟ್ ನೇಮ್ ಬರೆಯಿರಿ ಅಂತ ಕೆಂಪಕ್ಷರ ಬಂತು; ಹುಚ್ಚಮ್ಮ ಅದನ್ನು ಕೊನೆಯ ಹೆಸರು ಅಂತ ಓದಿದಳು.

"ಕೊನೀ ಹೆಸರು ಅಂದ್ರ ಏನವ್ವಾ? ಸತ್ತ ಮ್ಯಾಲ ಇಡೂದೇನು?"

ಹುಚ್ಚಮ್ಮ ಉತ್ತರ ಕೊಡುವಂತಿರಲಿಲ್ಲ. ನಿಮಗೆ ಏನನ್ನಿಸುತ್ತೋ ಅದನ್ನು ಮಾಡಿ ಅಂತ ಮಾತ್ರ ಅನ್ನಬಹುದಿತ್ತು. ಅಂದಳು. ಶರಣವ್ವ ಅವಳ ಮುಖವನ್ನೇ ನೋಡಿದಳು. ತನ್ನ ಭಾಷೆ ಬಲ್ಲವಳು ಪಕ್ಕದಲ್ಲೇ ಕೂತು ಯಾಕೆ ಹೇಳುತ್ತಿಲ್ಲ ಅಂತ ಅವಳಿಗೆ ತಿಳಿಯಲಿಲ್ಲ. ಗಂಡನ ಹೆಸರು ಹಾಕಿದಳು. ವಿಳಾಸ ಸರಿಯಿಲ್ಲ ಅಂತ ಬಂತು. ಅದನ್ನು ತಿದ್ದಿದರೆ ಫೋನ್ ನಂಬರಿನ ನಡುವೆ ಗೆರೆ ಇರಬಾರದು ಅಂತ ಬಂತು. ಒಂದು ತಪ್ಪು ತೀರಿದ ಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಹೇಳುವ ಬುದ್ಧಿ ಆ ಸೈಟಿಗೆ ಇರಲಿಲ್ಲ. ಹುಚ್ಚಮ್ಮ ಬರೆದುಕೊಂಡಳು. ಇದು ಹದಿನೇಳನೇ ದೋಷ, ಇದು ಹದಿನೆಂಟನೆಯದು. ಇಪ್ಪತ್ತು ನಿಮಿಷ ದಾಟುತ್ತಿದ್ದಂತೆ ಪರದೆ ಬಿಳಿಯಾಯಿತು. ಹೊತ್ತು ಮೀರಿತು, ಮೊದಲಿನಿಂದ ಶುರುಮಾಡಿ ಅಂತ ಬಂತು. ತುಂಬಿದ್ದೆಲ್ಲ ಹೋಗಿತ್ತು.

ಶರಣವ್ವ ಬಯ್ಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನನಗ ತಿಳೀಲಿಲ್ಲ ನೋಡವ್ವಾ ಅಂದಳು. ಮತ್ತೆ ಮೊದಲಿನಿಂದ ಹೆಸರು ಬರೆಯತೊಡಗಿದಳು. ನಲವತ್ತನೇ ನಿಮಿಷಕ್ಕೆ ಅದೂ ಅಳಿಸಿಹೋಯಿತು.

ಐವತ್ತನೇ ನಿಮಿಷಕ್ಕೆ ಬಾಗಿಲು ತೆರೆದು ರಘೋತ್ತಮ ಬಂದ. ಮುಂದಿನವರು ಕಾಯುತ್ತಿದ್ದರು. ಅವಳ ಕೈಕೆಳಗಿನಿಂದ ಮೌಸು ಎಳೆದುಕೊಂಡ. ಮೂರು ಪುಟಕ್ಕೆ ಕೈಗೆ ಬಂದದ್ದು ತುಂಬಿ ಕೊನೆಯ ಪುಟಕ್ಕೆ ತಂದು ನಿಲ್ಲಿಸಿದ. ಇದೊಂದು ಒತ್ತಿಬಿಡಿ ಅಂದ. ಅವಳು ಒತ್ತಿದಳು. ಅರ್ಜಿ ಬಂದಿದೆ, ಧನ್ಯವಾದ ಅಂತ ಹಸಿರಕ್ಷರ ಬಂತು. ಅವನು ಹೋದ.

ಶರಣವ್ವ ಕೈಚೀಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಇನ್ನ ಈ ಕಾಗದ ಕೊಡೂದು ಬ್ಯಾಡಲ್ಲ? ಉತ್ತರ ಬರ್ತೈತಿಲ್ಲೋ?"

ಹುಚ್ಚಮ್ಮ ಗಾಜಿನ ಕಡೆ ನೋಡಿದಳು. ಗಾಜಿನಲ್ಲಿ ಅವಳದೇ ಮುಖ ಕಂಡಿತು.

"ಬರುತ್ತೆ ಅಮ್ಮ" ಅಂದಳು.

ಯಾರೂ ಅವಳ ಬಾಯಿಂದ ಅದನ್ನು ಕಿತ್ತುಕೊಳ್ಳಲಿಲ್ಲ. ಅವಳೇ ಆಡಿದ್ದು.

ಮುಂದಿನ ವಾರ ಕಂಪನಿಯಲ್ಲಿ ಪಿಜ್ಜಾ ತರಿಸಿದರು. ರಘೋತ್ತಮ ಎಲ್ಲರ ವಿಡಿಯೋಗಳಿಂದ ತುಣುಕು ತೆಗೆದು ಒಂದು ಟೇಪು ಮಾಡಿದ್ದ. ಯಾರು ಎಲ್ಲಿ ಎಡವಿದರು ಅಂತ ತಂಡ ನೋಡಬೇಕು, ಅದು ಪದ್ಧತಿ. ಗಾಲಿಕುರ್ಚಿಯ ಮುದುಕ ಪರದೆಗೆ ಮೂಗು ತಾಗಿಸಿ ಓದುವುದು ಬಂತು. ಒಬ್ಬ ನಕ್ಕ. ಶರಣವ್ವ ಎರಡೂ ಕೈಯಿಂದ ಮೌಸು ಎತ್ತಿದ್ದು ಬಂತು. ಎಲ್ಲರೂ ನಕ್ಕರು. ಮತ್ತೊಮ್ಮೆ ಹಾಕು ಅಂದರು. ರಘೋತ್ತಮ ಹಾಕಿದ. ಕೊನೆಯ ಹೆಸರಿನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಒಬ್ಬನಿಗೆ ನೆತ್ತಿಗೇರಿ ಕೆಮ್ಮು ಬಂತು.

ಊದಿದ ಮಣಿಕಟ್ಟು ಪರದೆಯ ತುಂಬ ಇತ್ತು. ಯಾರಿಗೂ ಕಾಣಲಿಲ್ಲ.

ಹುಚ್ಚಮ್ಮ ಎದ್ದಳು. ತಟ್ಟೆ ಕೆಳಗಿಟ್ಟು ಹೊರಗೆ ಹೋದಳು. ವಾಪಸು ಬಂದಾಗ ಎಣಿಕೆ ನಡೆಯುತ್ತಿತ್ತು. ಹದಿನಾಲ್ಕು ಜನರಲ್ಲಿ ತಾವೇ ಪೂರ್ತಿ ಮಾಡಿದವರು ಮೂವರು. ಕೈಬಿಟ್ಟು ಎದ್ದುಹೋದವರು ಇಬ್ಬರು. ಉಳಿದ ಒಂಬತ್ತು ಮಂದಿಯ ಮೌಸನ್ನು ರಘೋತ್ತಮನೋ ಇನ್ನೊಬ್ಬನೋ ಹಿಡಿದಿದ್ದರು. ಅವರ ಹೆಸರಿನ ಮುಂದೆ ಹುಚ್ಚಮ್ಮ ಆಗಲಿಲ್ಲ ಅಂತ ಬರೆದಿದ್ದಳು. ರಘೋತ್ತಮ ಅದನ್ನು ಹೊಡೆದುಹಾಕಿ, ಸಹಾಯದೊಂದಿಗೆ ಪೂರ್ತಿ ಅಂತ ಬರೆದ. ಮೂರು, ಒಂಬತ್ತು, ಹನ್ನೆರಡು. ನೂರಕ್ಕೆ ಎಂಬತ್ತೈದು. ವರದಿಯ ಮುಖಪುಟದಲ್ಲಿ ಸಹಾಯದ ಮಾತೂ ಹೋಗಿ ಹನ್ನೆರಡು ಅನ್ನುವುದಷ್ಟೇ ಉಳಿಯಿತು. ಅವಳು ಪಟ್ಟಿ ಮಾಡಿದ್ದ ಮೂವತ್ತೊಂದು ದೋಷಗಳು ಕೊನೆಯ ಪುಟದ ಅಡಿಟಿಪ್ಪಣಿಯಾದವು.

ಇದು ಸುಳ್ಳು ಅಂದಳು. ಇದು ಸ್ಟ್ಯಾಂಡರ್ಡ್ ಪ್ರಾಕ್ಟೀಸು ಕಣಮ್ಮ, ನಿನಗೆ ಗೊತ್ತಾಗಲ್ಲ ಅಂದ. ಕಿಟಕಿ ಮುಚ್ಚಿದರೆ ಆ ಜನ ಎಲ್ಲಿಗೆ ಹೋಗಬೇಕು ಅಂತ ಕೇಳಿದಳು. ಕಲೀತಾರೆ ಅಂದ.

ಡಿಸೆಂಬರಿನ ಮೊದಲ ಸೋಮವಾರ ಶರಣವ್ವ ಮತ್ತೆ ಎರಡು ಬಸ್ಸು ಬದಲಿಸಿ ಬಂದಳು. ರಿಸೆಪ್ಷನ್ನಿನ ಹುಡುಗಿಗೆ ಅವಳ ಮಾತು ತಿಳಿಯದೆ ಹುಚ್ಚಮ್ಮನನ್ನು ಕರೆದಳು. ಉತ್ತರ ಬರಲಿಲ್ಲ ಅಂತ ಶರಣವ್ವ ಕಚೇರಿಗೆ ಹೋಗಿ ಕೇಳಿದ್ದಳಂತೆ. ನಿನ್ನ ಹೆಸರಿನ ಅರ್ಜಿಯೇ ಇಲ್ಲ ಅಂದರಂತೆ. ಆಸ್ಪತ್ರೆಯವರು ತಾರೀಖು ತೆಗೆದುಹಾಕಿದ್ದರು. ಅವಳು ಬಲಗೈ ಮುಂದೆ ಚಾಚಿದಳು. ಕಿರುಬೆರಳು, ಉಂಗುರದ ಬೆರಳು ಒಳಗೆ ಬಾಗಿ ಹಾಗೇ ನಿಂತಿದ್ದವು. ಕಂಪ್ಯೂಟರಿನ್ಯಾಗ ಹುಡುಕಿ ಕೊಡವ್ವಾ, ಅಲ್ಲೇ ಎಲ್ಲೋ ಇರಬೇಕು ಅಂದಳು.

ಅಷ್ಟರಲ್ಲಿ ರಘೋತ್ತಮ ಬಂದ. ಇವರು ಸಹಿ ಹಾಕಿದ್ದಾರೆ, ಎರಡನೇ ಪುಟದಲ್ಲಿ ಎಲ್ಲ ಇದೆ ಅಂತ ರಿಸೆಪ್ಷನ್ನಿನ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದ. ಶರಣವ್ವನಿಗೆ ಕನ್ನಡದಲ್ಲಿ, ಕೂಟದ ಸಂಕ್ರಾಂತಿ ಊಟಕ್ಕೆ ಬನ್ನಿ, ಆಗ ನೋಡೋಣ ಅಂದ. ತಾನೇ ಬಾಗಿಲು ತೆರೆದು ಹಿಡಿದ. ಅವಳು ಹೋದಳು. ಹುಚ್ಚಮ್ಮನ ಬಾಯಿ ಅಂದೂ ಏಳಲಿಲ್ಲ.

ಅವಳ ಬಾಯಿ ಎದ್ದದ್ದು ಎಂಟು ದಿನದ ಮೇಲೆ.

ಆರೋಗ್ಯ ನೆರವಿನ ಕಚೇರಿಯ ಸಭಾಂಗಣ. ಉದ್ದನೆಯ ಮೇಜಿನ ಹಿಂದೆ ಮಂಡಳಿಯ ಏಳು ಜನ. ನಡುವೆ ಅಧ್ಯಕ್ಷೆ, ಬಿಳಿಕೂದಲಿನ ಹೆಂಗಸು. ಪಕ್ಕದ ಕುರ್ಚಿಗಳಲ್ಲಿ ಕಚೇರಿಯ ಸಿಬ್ಬಂದಿ. ರಘೋತ್ತಮ ಟೈ ಕಟ್ಟಿಕೊಂಡು ಮಾತಾಡಿದ. ಹದಿನಾಲ್ಕರಲ್ಲಿ ಹನ್ನೆರಡು ಅಂದ. ಗೋಡೆಯ ಮೇಲೆ ಎಂಬತ್ತೈದು ಅಂತ ದೊಡ್ಡದಾಗಿ ಬಂತು. ಮಂಡಳಿಯವರು ತಲೆದೂಗಿದರು. ಹುಚ್ಚಮ್ಮನ ಕೆಲಸ ಟೇಪು ಹಾಕುವುದು. ಅಂದು ಹಾಕಬೇಕಾದ್ದು ಬೇರೆ ಟೇಪು. ಹಸಿರಕ್ಷರ ಬಂದಾಗ ಹದಿನಾಲ್ಕು ಜನರಲ್ಲಿ ಯಾರ್ಯಾರು ನಕ್ಕರೋ ಅವರ ಮುಖಗಳ ಎರಡು ನಿಮಿಷದ ಟೇಪು.

ಅವಳು ಅದನ್ನು ಹಾಕಲಿಲ್ಲ. ಹದಿನಾಲ್ಕನೇ ಪರೀಕ್ಷೆಯ ಕತ್ತರಿಸದ ಟೇಪು ಚೀಲದಲ್ಲಿತ್ತು. ಬೆಳಿಗ್ಗೆ ಇಟ್ಟುಕೊಂಡಾಗ ಅದನ್ನು ಹಾಕುತ್ತೇನೋ ಇಲ್ಲವೋ ಅಂತ ಅವಳಿಗೇ ಗೊತ್ತಿರಲಿಲ್ಲ. ಈಗ ಅದನ್ನೇ, ಕೊನೆಯ ಭಾಗದಿಂದ, ಹಾಕಿದಳು.

ಗೋಡೆಯ ಮೇಲೆ ರಘೋತ್ತಮನ ಕೈ ಬಂತು. ಆ ಕೈ ಊದಿದ ಕೈಯ ಕೆಳಗಿನಿಂದ ಮೌಸನ್ನು ಎಳೆದುಕೊಂಡಿತು. ತುಂಬಿತು. ಒತ್ತಿ ಅಂದಿತು. ಶರಣವ್ವ ಕನ್ನಡದಲ್ಲಿ ಏನೋ ಕೇಳಿದಳು. ಪಕ್ಕದ ಹೆಂಗಸು ಏನೋ ಹೇಳಿದಳು.

ಹುಚ್ಚಮ್ಮ ಟೇಪು ನಿಲ್ಲಿಸಿ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡಿದಳು. ಈ ಹೆಂಗಸು ಇದನ್ನು ನಿಜವಾದ ಅರ್ಜಿ ಅಂದುಕೊಂಡಿದ್ದಾಳೆ, ಉತ್ತರ ಬರುತ್ತದೆಯೇ ಅಂತ ಕೇಳುತ್ತಿದ್ದಾಳೆ ಅಂದಳು. ಬರುತ್ತದೆ ಅಂತ ಹೇಳುತ್ತಿರುವವಳು ನಾನು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಇವಳ ಆಪರೇಷನ್ ತಪ್ಪಿತು. ಎರಡು ಬೆರಳು ಹೋದವು. ಈ ಹನ್ನೆರಡರಲ್ಲಿ ಇವಳೂ ಒಬ್ಬಳು.

ರಘೋತ್ತಮ ನಗುತ್ತಲೇ ಅವಳ ಹತ್ತಿರ ಬಂದ. ಮಂಡಳಿಯವರಿಗೆ ತಿಳಿಯದ ಹಾಗೆ ಕನ್ನಡದಲ್ಲಿ, ಮೆಲ್ಲಗೆ, ಮುಖದ ನಗು ಇಳಿಸದೆ ಹೇಳಿದ.

"ಕೂತ್ಕೋ. ನಿನ್ನ ವೀಸಾ ಯಾರ ಕೈಲಿದೆ ಅಂತ ಮರೆತು ಹೋಯ್ತಾ? ರಿಸರ್ವೇಶನ್‌ನಲ್ಲಿ ಬಂದೋರಿಗೆ ಕೆಲಸ ಕೊಟ್ಟಿದ್ದಕ್ಕೆ ಇದೇ ಆಗೋದು."

ಅಧ್ಯಕ್ಷೆ, ಇವರು ಏನು ಹೇಳುತ್ತಿದ್ದಾರೆ ಅಂತ ಕೇಳಿದಳು.

ಪರೀಕ್ಷೆಯಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೇಳುವ ಕೆಲಸ ಹುಚ್ಚಮ್ಮನದೇ ಆಗಿತ್ತಲ್ಲ. ಹೇಳಿದಳು. ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದಳು. ವೀಸಾದ ಮಾತು ಅವರಿಗೆ ಕೂಡಲೇ ಅರ್ಥವಾಯಿತು. ರಿಸರ್ವೇಶನ್ ಅನ್ನುವುದಕ್ಕೆ ವಿವರಣೆ ಬೇಕಾಯಿತು. ಕೊಟ್ಟಳು. ನಮ್ಮ ದೇಶದಲ್ಲಿ ಕೆಲವು ಜಾತಿಯವರ ಕೈಯಿಂದ ಕಾಗದ ತೆಗೆದುಕೊಳ್ಳದವರಿದ್ದಾರೆ, ನಾನು ಅಂಥ ಜಾತಿಯವಳು, ಇವರು ಅದನ್ನು ನೆನಪಿಸುತ್ತಿದ್ದಾರೆ ಅಂದಳು. ಸಭೆಯಲ್ಲಿ ಯಾರೋ ಪೆನ್ನು ಕೆಳಗಿಟ್ಟ ಸದ್ದು ಕೇಳಿತು. ರಘೋತ್ತಮನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಅದನ್ನು ಎಲ್ಲಿಡಬೇಕು ಅಂತ ಅವನಿಗೆ ತಿಳಿದಿರಲಿಲ್ಲ.

ಆಮೇಲೆ ಅವಳು ಎಣಿಕೆ ಹೇಳಿದಳು. ಮೂರು. ಹದಿನಾಲ್ಕರಲ್ಲಿ ಮೂರು.

ಮಂಡಳಿ ಕಿಟಕಿ ಮುಚ್ಚುವ ನಿರ್ಧಾರವನ್ನು ಮುಂದಕ್ಕೆ ಹಾಕಿತು. ರದ್ದು ಮಾಡಲಿಲ್ಲ, ಸೈಟನ್ನು ನಿಲ್ಲಿಸಲೂ ಇಲ್ಲ. ಹೊಸದಾಗಿ ಪರೀಕ್ಷೆ ನಡೆಸಬೇಕು ಅಂದಿತು. ಅದನ್ನು ನಡೆಸಲು ಬೇರೆ ಕಂಪನಿ ಹುಡುಕಿತು. ರಘೋತ್ತಮನಿಗೆ ಬಡ್ತಿ ತಪ್ಪಿತು, ಕೆಲಸ ತಪ್ಪಲಿಲ್ಲ. ಹುಚ್ಚಮ್ಮನಿಗೆ ಶುಕ್ರವಾರ ಮಧ್ಯಾಹ್ನ ಪತ್ರ ಬಂತು. ಅವಳ ಮೇಜಿನ ಸಾಮಾನನ್ನು ಕಾವಲಿನವನೊಬ್ಬ ರಟ್ಟಿನ ಪೆಟ್ಟಿಗೆಗೆ ತುಂಬಿಕೊಟ್ಟ. ಕೆಲಸ ಹೋದರೆ ಆ ದೇಶದಲ್ಲಿರುವ ಹಕ್ಕೂ ಹೋದಂತೆಯೇ. ಮೂರು ವಾರದ ಆಚೆಗೆ ಅವಳಿಗೆ ಟಿಕೆಟ್ಟು ಸಿಕ್ಕಿತು.

ಶನಿವಾರ ಅವಳು ನೆವಾರ್ಕಿಗೆ ಹೋದಳು. ಮೋಟೆಲಿನ ಹಿಂಬಾಗಿಲಿನಲ್ಲಿ ಉಗಿ ಬರುತ್ತಿತ್ತು. ಶರಣವ್ವ ಚಾದರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಮಡಿಚುತ್ತಿದ್ದಳು. ಹುಚ್ಚಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅದು ಅರ್ಜಿಯಲ್ಲ. ನನಗೆ ಗೊತ್ತಿತ್ತು. ಬರುತ್ತೆ ಅಂತ ಬೇಕಂತಲೇ ಅಂದೆ.

ಶರಣವ್ವ ಬಾಯಿಂದ ಚಾದರ ತೆಗೆದು ಆ ತುದಿಯನ್ನು ಅವಳತ್ತ ಚಾಚಿದಳು. ಹುಚ್ಚಮ್ಮ ಹಿಡಿದಳು. ಇಬ್ಬರೂ ಸೇರಿ ಹನ್ನೊಂದು ಚಾದರ ಮಡಿಚಿದರು. ಬಟ್ಟೆಯ ಬಿಸಿಗೆ ಹುಚ್ಚಮ್ಮನ ಅಂಗೈ ಕೆಂಪಾಯಿತು.

"ನಿನಗ ಗೊತ್ತಿರಲಿಲ್ಲ ಅಂದಿದ್ರ ನಾ ಏನೂ ಅಂತಿರಲಿಲ್ಲ" ಅಂದಳು ಶರಣವ್ವ. "ಗೊತ್ತಿತ್ತು. ಅವ ಪರಕೀ ಮನಶ್ಯಾ, ನೀ ನನ್ನ ಬಾಜೂಕ ಕುಂತಾಕಿ. ಈಗ ತಪ್ಪಾತು ಅಂತ ನನ್ನ ಮುಂದ ಅಳಬ್ಯಾಡ. ಸೋಮವಾರ ಮುಂಜಾನೆ ಸಾಲಿಗೆ ಬಾ."

ಸೋಮವಾರ ಬೆಳಿಗ್ಗೆ ಆರಕ್ಕೆ ಮಂಜಿತ್ತು. ಸಾಲಿನಲ್ಲಿ ಅವರ ಮುಂದೆ ಒಂಬತ್ತು ಜನ ಇದ್ದರು. ಕಾಗದದ ಅರ್ಜಿಯನ್ನು ಹುಚ್ಚಮ್ಮ ನಿಂತಲ್ಲೇ ತುಂಬಿದಳು. ಪ್ರತಿ ಸಾಲನ್ನೂ ಕನ್ನಡದಲ್ಲಿ ಓದು ಅಂದಳು ಶರಣವ್ವ. ಓದಿದಳು. ಒಂದು ಪದ ಬಿಟ್ಟರೂ ಶರಣವ್ವ ಕಾಗದದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳುತ್ತಿದ್ದಳು. ಅವಳಿಗೆ ಈಗ ಯಾರ ಮೇಲೂ ನಂಬಿಕೆ ಇರಲಿಲ್ಲ. ಹುಚ್ಚಮ್ಮನ ಮೇಲಂತೂ ಇರಲಿಲ್ಲ.

ಕಿಟಕಿಯ ಗುಮಾಸ್ತ ಕಾಗದ ನೋಡಿ ಈ ನಮೂನೆಯ ತಾರೀಖು ಮೀರಿದೆ ಅಂದ. ಹೊಸದಾಗಿ ಹಾಕಬೇಕಾದರೆ ಮೂಲೆಯಲ್ಲಿ ಕಂಪ್ಯೂಟರು ಇಟ್ಟಿದ್ದೇವೆ, ಅದರಲ್ಲಿ ಹಾಕಿ ಅಂದ. ಕಾಗದವನ್ನು ಗಾಜಿನ ಕೆಳಗಿನಿಂದ ಹಿಂದಕ್ಕೆ ತಳ್ಳಿದ. ಹುಚ್ಚಮ್ಮ ಅದನ್ನು ಕನ್ನಡದಲ್ಲಿ ಹೇಳಿದಳು.

ಶರಣವ್ವ ಬಲಗೈಯನ್ನು ಎತ್ತಿ ಗಾಜಿನ ಕೆಳಗಿನ ಸಂದಿಯಲ್ಲಿ ಇಟ್ಟಳು. ಬಾಗಿದ ಬೆರಳುಗಳು ಗುಮಾಸ್ತನ ಮೇಜಿನ ಮೇಲೆ ಬಂದವು.

"ಈ ಕೈ ತಗದು ನಾ ಹೋಗೂದಿಲ್ಲ. ಕಾಗದ ತಗೋ ಅನ್ನು ಅವಗ."

ಹುಚ್ಚಮ್ಮ ಅಂದಳು. ಗುಮಾಸ್ತ ಮುಂದಿನವರು ಬನ್ನಿ ಅಂತ ಕೂಗಿದ. ಅವರ ಹಿಂದೆ ಎಣ್ಣೆಮಸಿಯ ಜಾಕೆಟ್ಟಿನ ಒಬ್ಬ ಮನುಷ್ಯ ಇದ್ದ. ಅವನು ಕೈ ನೋಡಿದ, ಕದಲಲಿಲ್ಲ. ಅವನ ಹಿಂದಿನವಳೂ ಕದಲಲಿಲ್ಲ. ಮೂರನೇ ಕಿಟಕಿಯ ಸಾಲೂ ತಿರುಗಿ ನೋಡಿತು. ಕಾವಲಿನವನು ಹತ್ತಿರ ಬಂದು ನಿಂತ, ಮುಟ್ಟಲು ಧೈರ್ಯವಾಗಲಿಲ್ಲ. ಇಪ್ಪತ್ತು ನಿಮಿಷ ಆ ಕೈ ಅಲ್ಲೇ ಇತ್ತು. ಒಳಗಿನಿಂದ ಮೇಲ್ವಿಚಾರಕಿ ಬಂದಳು. ಅವಳು ಅಂದಿನ ಸಭೆಯಲ್ಲಿ ಕೂತಿದ್ದವಳು. ಹುಚ್ಚಮ್ಮನ ಗುರುತು ಹಿಡಿದಳು, ಕೈಯ ಗುರುತನ್ನೂ ಹಿಡಿದಳು. ಕಾಗದ ತೆಗೆದುಕೊಂಡು ಮುದ್ರೆ ಒತ್ತಿದಳು.

ಆಪರೇಷನ್ ಮಾರ್ಚಿನಲ್ಲಿ ಆಯಿತು. ನೋವು ಹೋಯಿತು, ಎರಡು ಬೆರಳು ಚಾಚಲು ಬರಲೇ ಇಲ್ಲ. ಹುಚ್ಚಮ್ಮನಿಗೆ ಇದೆಲ್ಲ ಊರಿಗೆ ಮರಳಿದ ಮೇಲೆ ಫೋನಿನಲ್ಲಿ ತಿಳಿದದ್ದು. ಶರಣವ್ವ ಸುದ್ದಿ ಹೇಳಿದಳು, ಚೆನ್ನಾಗಿದ್ದೀಯಾ ಅಂತ ಕೇಳಲಿಲ್ಲ.

ಅದಕ್ಕೂ ಮೊದಲು, ಆ ದೇಶ ಬಿಟ್ಟು ಹೊರಡುವವರೆಗಿನ ಎರಡು ವಾರ ಹುಚ್ಚಮ್ಮ ದಿನವೂ ಆರಕ್ಕೆ ಆ ಕಚೇರಿಗೆ ಹೋದಳು. ಮೂಲೆಯ ಕಂಪ್ಯೂಟರಿಗೆ ಕಳಿಸಿದವರ ಪಕ್ಕದಲ್ಲಿ ನಿಂತು ಪರದೆಯ ಮೇಲಿದ್ದುದನ್ನು ಓದಿ ಹೇಳಿದಳು. ಮುಂದಿನ ಪುಟದಲ್ಲಿ ಏನು ಕೇಳುತ್ತದೆ ಅಂತ ಮೊದಲೇ ಹೇಳಿದಳು. ಇಪ್ಪತ್ತು ನಿಮಿಷಕ್ಕೆ ಎಲ್ಲ ಅಳಿಸಿಹೋಗುತ್ತದೆ, ಬೇಗ ಮಾಡೋಣ ಅಂದಳು. ಆಗದವರಿಗೆ ಕಾಗದ ತಂದುಕೊಟ್ಟು ಕಿಟಕಿಯ ಸಾಲಿನಲ್ಲಿ ನಿಲ್ಲಿಸಿದಳು. ಎಷ್ಟು ಜನಕ್ಕೆ ಆಗಲಿಲ್ಲ ಅಂತ ದಿನವೂ ಬರೆದು ಮಂಡಳಿಯ ಪೆಟ್ಟಿಗೆಗೆ ಹಾಕಿದಳು.

ಒಂಬತ್ತನೇ ದಿನ ಕಾವಲಿನವನು ಬಂದ. ನೀವು ಇಲ್ಲಿಯ ಸಿಬ್ಬಂದಿಯಲ್ಲ, ಅರ್ಜಿದಾರರೂ ಅಲ್ಲ, ಹೊರಗೆ ಹೋಗಬೇಕು ಅಂದ. ಆಗ ಅವಳ ಮುಂದೆ ಕನ್ನಡಕದ ಒಂದು ಗಾಜು ಒಡೆದ ಮುದುಕನೊಬ್ಬ ಕೂತಿದ್ದ. ಅವನ ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಕಳೆದಿತ್ತು.

ಹೊರಗೆ ಹೋಗಬೇಕು ಅಂತ ಬರೆದುಕೊಡಿ ಅಂದಳು ಹುಚ್ಚಮ್ಮ.

ಅವನ ಹತ್ತಿರ ಕಾಗದ ಇರಲಿಲ್ಲ. ತರುತ್ತೇನೆ ಅಂತ ಒಳಗೆ ಹೋದ. ಅವಳು ಮುದುಕನ ಕಡೆ ತಿರುಗಿ ಮುಂದಿನ ಸಾಲು ಓದಿದಳು.